ಮಲ್ಲಿಗೆ ಗಂಟು

ಲೊಂಬಾರ್ಡಿನ ಆ ಅಪಾರ್ಟ್‌ಮೆಂಟಿನ ಹಿಂದೆ ಕೆರೆಯೂ ಇರಲಿಲ್ಲ, ಹೊಳೆಯೂ ಇರಲಿಲ್ಲ. ಆದರೂ ದ್ವಾರಕಾನಾಥ ಹುಲ್ಲಿನ ಮೇಲೆ ನಿಂತು ಗಾಳ ಬೀಸುತ್ತಿದ್ದ. ಎಪ್ಪತ್ತೆರಡನೇ ಇಸವಿಯ ಮೇ ತಿಂಗಳು. ಆಸ್ಪತ್ರೆಯಿಂದ ಬಂದ ಡಾಕ್ಟರ್ ಇಂದುಮತಿ ಕಾರಿನ ಬಾಗಿಲು ಹಾಕಿ ನೋಡುತ್ತಾಳೆ: ಪಕ್ಕದ ಮನೆಯ ಎಂಜಿನಿಯರು, ಮೈಸೂರಿನ ಮರ್ಯಾದಸ್ಥ ಹುಡುಗ, ಒಣನೆಲದಲ್ಲಿ ಮೀನು ಹಿಡಿಯುತ್ತಿದ್ದಾನೆ!

“ಏನಾದ್ರೂ ಸಿಕ್ತೇನ್ರೀ?”

“ಇನ್ನೂ ಇಲ್ಲ ಡಾಕ್ಟ್ರೇ,” ಎಂದ ಅವನು, ಗಂಭೀರವಾಗಿಯೇ. “ಮುಂದಿನ ತಿಂಗಳು ಫ್ಲಾರಿಡಾಕ್ಕೆ ಹೋಗ್ತಿದೀನಿ. ಅಲ್ಲಿ ಸ್ನೂಕ್ ಅಂತ ಮೀನು, ಬೀಚಿನ ಅಂಚಿಗೇ ಬರುತ್ತೆ. ನಾನು ಹುಳು ಗಿಳು ಹಾಕಲ್ಲ. ಕೊಕ್ಕೆಗೆ ಪುಕ್ಕ ಕಟ್ಟಿ, ಮರಿಮೀನು ಅನ್ನೋ ಹಾಗೆ ಮಾಡಿ ಎಸೀತೀನಿ. ಅದಕ್ಕೆ ಫ್ಲೈ ಅಂತಾರೆ. ಈಗ ಪ್ರಾಕ್ಟೀಸ್.”

“ಹಿಡಿದು ತಿಂತೀರಾ?” ಅವಳ ಮೂಗು ಮುದುಡಿತು.

“ಅಯ್ಯೋ, ಎಲ್ಲಾದ್ರೂ ಉಂಟೆ! ನೋಡಿ ಬಿಟ್ಬಿಡ್ತೀನಿ.”

“ಬಿಡೋದಾದ್ರೆ ಹಿಡಿಯೋದ್ಯಾಕೆ?”

ನಾಚಿಕೊಂಡು ಅಂಗೈ ಚಾಚಿದ. ಅವನೇ ಕಟ್ಟಿದ ಬಿಳಿ ಫ್ಲೈ. ನಾಲ್ಕು ಸಲ ಬೀಸಿದ್ದಕ್ಕೆ ಪುಕ್ಕ ಒಂದು ಕಡೆ, ದಾರ ಒಂದು ಕಡೆ.

ಇಂದುಮತಿಗೆ ನಗು ತಡೆಯಲಾಗಲಿಲ್ಲ, ಕೈಯನ್ನೂ ತಡೆಯಲಾಗಲಿಲ್ಲ. ಈ ದೇಶಕ್ಕೆ ಬಂದಮೇಲೆ ಅವಳು ಹೂ ಕಟ್ಟಿಯೇ ಇರಲಿಲ್ಲ. ಲೊಂಬಾರ್ಡಿನಲ್ಲಿ ಮಲ್ಲಿಗೆ ಎಲ್ಲಿಂದ ಬರಬೇಕು? “ಕೋಳಿ ಪುಕ್ಕ! ಮುಟ್ಟಿದ್ಮೇಲೆ ಸ್ನಾನ ಮಾಡ್ಬೇಕು,” ಎಂದು ಗೊಣಗುತ್ತಲೇ ದಾರವನ್ನು ಬೆರಳಿಗೆ ಸುತ್ತಿ, ಪುಕ್ಕದ ಬುಡಕ್ಕೆ ಮಲ್ಲಿಗೆ ಗಂಟು ಹಾಕಿ ಬಿಗಿದಳು. ಅವನು ಅವಳ ಬೆರಳು ನೋಡುತ್ತಿದ್ದ. ಆಮೇಲೆ ಮುಖ ನೋಡಿದ. ಅವಳು ತಲೆಯೆತ್ತಿದಾಗ ಸಿಕ್ಕಿಬಿದ್ದು, ಕಾರಿನ ಟೈರು ನೋಡಿದ.

ಅಂದಿನಿಂದ ಸಂಜೆಯಾದರೆ ಫ್ಲೈ ಕಟ್ಟುವ ನೆಪ, ಕಾಫಿಯ ನೆಪ. ಒಬ್ಬ ಮನುಷ್ಯ ಒಂದು ಪ್ರಯಾಣಕ್ಕೆ ಅಷ್ಟೊಂದು ಫ್ಲೈ ಏನು ಮಾಡುತ್ತಾನೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಅವನು ಹೊರಡುವ ಬೆಳಿಗ್ಗೆ ಅವಳು ಹೇಳಿಬಿಟ್ಟಳು. “ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ನಾನು ಆಸೆಪಟ್ಟ ಕೆಲಸ ಸಿಕ್ಕಿದೆ. ನೀವು ಬರೋ ಹೊತ್ತಿಗೆ ಪ್ಯಾಕಿಂಗ್ ಮುಗಿದಿರುತ್ತೆ.”

ಏನಾದರೂ ಹೇಳುತ್ತಾನೆ ಎಂದು ಕಾದಳು. ಅವನು ಬೆಪ್ಪಾಗಿ ನಿಂತು, “ಕಂಗ್ರಾಜುಲೇಷನ್ಸ್,” ಎಂದು ಕಾರು ಹತ್ತಿದ!

ಇಂದುಮತಿಗೆ ಮೈಯೆಲ್ಲ ಉರಿಯಿತು. ಪಾತ್ರೆಗಳನ್ನು ಪೆಟ್ಟಿಗೆಗೆ ತುರುಕುವಾಗ ಅಳುವೂ ಬಂತು. ಕೆಲಸ ಬಿಡಲು ಮನಸ್ಸಿಲ್ಲ, ಅವನಿಲ್ಲದ ಊರಿಗೆ ಹೋಗಲು ಇನ್ನೂ ಮನಸ್ಸಿಲ್ಲ.

ಹದಿನೈದು ದಿನದ ಮೇಲೆ ಬಾಗಿಲು ತಟ್ಟಿದವನ ಮೂಗು ಬಿಸಿಲಿಗೆ ಸುಲಿದಿತ್ತು. ಅಂಗೈಯಲ್ಲಿ ಅವಳು ಕಟ್ಟಿದ ಫ್ಲೈ. ಪುಕ್ಕ ಚಿಂದಿಯಾಗಿತ್ತು, ಗಂಟು ಹಾಗೇ ಇತ್ತು.

“ಎಲ್ಲರ ಹಾಗೆ ನಾನೂ ದೂರಕ್ಕೆ ಎಸೆದೆ, ಎಸೆದೆ, ಏನೂ ಇಲ್ಲ. ನೋಡಿದ್ರೆ ಸ್ನೂಕು ನನ್ನ ಮೊಣಕಾಲ ಹತ್ರಾನೇ ಈಜ್ತಿದೆ! ನಾನೆಂಥ ದಡ್ಡ ಅಂತ ಅಲ್ಲೇ ಗೊತ್ತಾಯ್ತು.”

“ಹಿಡಿದ್ರಾ?”

“ತೋಳುದ್ದ ಇತ್ತು. ಬಿಟ್ಟೆ.”

“ನಿಮಗೆ ಬಿಡೋದೇ ಅಭ್ಯಾಸ.” ಅವಳು ಪೆಟ್ಟಿಗೆಯ ಕಡೆ ತಿರುಗಿದಳು.

“ಮೀನನ್ನ ಮಾತ್ರ, ಇಂದೂ.” ಮೊದಲ ಸಲ ಹೆಸರು ಹಿಡಿದು ಕರೆದಿದ್ದ. “ಆಸೆಪಟ್ಟ ಕೆಲಸ, ಹೋಗ್ಬೇಡಿ ಅಂತ ಹೇಗೆ ಹೇಳ್ಲಿ? ಅದಕ್ಕೆ ಬರೋವಾಗ ಡೆಟ್ರಾಯಿಟ್ ಮೇಲೆ ಬಂದೆ. ಅಲ್ಲಿ ಎರಡು ಕಡೆ ಕೆಲಸಕ್ಕೆ ಅಪ್ಲೈ ಮಾಡಿದೀನಿ.”

“ಫ್ಲಾರಿಡಾದಿಂದ ಲೊಂಬಾರ್ಡಿಗೆ ಡೆಟ್ರಾಯಿಟ್ ಮೇಲೆ ಯಾರ್ರೀ ಬರ್ತಾರೆ?”

“ಪ್ರೀತಿ ಮಾಡಿದೋರು ಬರ್ತಾರೆ.” ಹೇಳಿದವನ ಕಿವಿ ಮೂಗಿಗಿಂತ ಕೆಂಪಾಯಿತು. “ಒಂದೇ ಭಯ. ತಾಳಿಗೆ ಮೂರು ಗಂಟು ಹಾಕ್ಬೇಕು. ನಾನು ಕಟ್ಟಿದ್ದೆಲ್ಲಾ ಬಿಚ್ಚಿಹೋಗುತ್ತೆ. ಕಲಿಸ್ಕೊಡ್ತೀರಾ?”

ಇಂದುಮತಿ ಕಣ್ಣೊರೆಸಿಕೊಂಡಳು. ಪೆಟ್ಟಿಗೆ ಕಟ್ಟಲು ತಂದಿದ್ದ ದಾರದ ಉಂಡೆಯನ್ನು ಅವನ ಕೈಗಿಟ್ಟು, ಜಡೆಯನ್ನು ಪಕ್ಕಕ್ಕೆ ಸರಿಸಿ, ಬೆನ್ನು ಮಾಡಿ ನಿಂತಳು.

“ಪ್ರಾಕ್ಟೀಸ್ ಮಾಡಿ,” ಎಂದಳು.