ನೀವು ಎನ್ನುವ ಗಿರಾಕಿ

ಆ ಸೀಸನ್ನಿನಲ್ಲಿ ನಾನು ದಿನಕ್ಕೆ ನೂರಾ ನಲವತ್ತು ಜನರನ್ನು ಪ್ರೀತಿಸುತ್ತಿದ್ದೆ. ಊಟದ ಹೊತ್ತಿಗೆ ಅರವತ್ತು, ಮಧ್ಯಾಹ್ನದ ಟೀಗೆ ನೂರು, ಮನೆಗೆ ಹೊರಡುವಾಗ ನೂರಾ ನಲವತ್ತು. ಕೊನೆಯ ಇಪ್ಪತ್ತು ಜನರನ್ನು ಪ್ರೀತಿಸುವಷ್ಟರಲ್ಲಿ ನನ್ನ ಬಲಗೈ ಮಣಿಕಟ್ಟು ಬಾಯಿಬಿಟ್ಟು ಅಳುವುದೊಂದು ಬಾಕಿ.

ಕೆಲಸ ಅಂಥದ್ದು. ರಜೆಯ ದಿನಗಳು ಹತ್ತಿರ ಬಂದರೆ ಸಾಕು, ಜನ ಸೋಫಾದ ಮೇಲೆ ಒರಗಿಕೊಂಡು ಮೊಬೈಲಿನಲ್ಲೇ ಗಿಫ್ಟ್ ಕೊಳ್ಳುತ್ತಾರೆ. ನಮ್ಮ ಕಂಪನಿಯ ವೆಬ್‌ಸೈಟಿನಲ್ಲಿ ಕೊನೆಗೊಂದು ಪುಟ್ಟ ಚೌಕ ಇರುತ್ತದೆ: ‘ಕೈಬರಹದ ಕಾರ್ಡ್ ಬೇಕೇ?’ ಅದನ್ನು ಒತ್ತಿ ಎರಡು ಸಾಲು ಟೈಪ್ ಮಾಡಿದರೆ, ಆ ಸಾಲುಗಳು ಚೀಟಿಯಾಗಿ ನನ್ನ ಮೇಜಿಗೆ ಬಂದು ಬೀಳುತ್ತವೆ. ನಾನು ಅದನ್ನು ದಪ್ಪ ಕಾರ್ಡಿನ ಮೇಲೆ ನೀಲಿ ಶಾಯಿಯಲ್ಲಿ ಬರೆಯಬೇಕು. ಮುತ್ತಿನಂಥ ಅಕ್ಷರ ಎಂದು ಶಾಲೆಯಲ್ಲಿ ಬಹುಮಾನ ಕೊಟ್ಟಿದ್ದರು. ಅದರಿಂದ ಹೊಟ್ಟೆ ತುಂಬುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ.

ಚೀಟಿಯಲ್ಲಿ ಯಾರು ಯಾರಿಗೆ ಕಳಿಸಿದ್ದು ಎಂದು ಇರುವುದಿಲ್ಲ. ಆರ್ಡರ್ ನಂಬರು, ಎರಡು ಸಾಲು, ಅಷ್ಟೇ. ವಿಳಾಸದ ಲೇಬಲ್ ಹೋಗುವುದು ನನ್ನ ಎದುರಿನ ಮೇಜಿಗೆ. ಗಿರಾಕಿಯ ಗುಟ್ಟು ಒಬ್ಬರ ಕೈಯಲ್ಲೇ ಇರಬಾರದು ಎಂದು ಕಂಪನಿಯ ನಿಯಮ.

ಎದುರಿನ ಮೇಜಿನಲ್ಲಿ ಇದ್ದವನು ಅವನು. ಸಾಮಾನು, ನನ್ನ ಕಾರ್ಡು ಎರಡನ್ನೂ ಡಬ್ಬಿಗೆ ಹಾಕಿ, ಟೇಪು ಸುತ್ತಿ, ಲೇಬಲ್ ಅಂಟಿಸುವುದು ಅವನ ಕೆಲಸ. ಸೀಸನ್ನಿಗೆಂದು ನಲವತ್ತೈದು ದಿನಕ್ಕೆ ತೆಗೆದುಕೊಂಡವರಲ್ಲಿ ಒಬ್ಬ. ಗೋದಾಮಿಗೆಲ್ಲ ಅವನು ಟೇಪಣ್ಣ. ನಾನೊಬ್ಬಳು ಮಾತ್ರ ಆ ‘ಅಣ್ಣ’ವನ್ನು ಬಾಯಿಗೆ ತಂದುಕೊಳ್ಳದೆ ‘ರೀ’ ಎಂದು ಕರೆಯುತ್ತಿದ್ದೆ. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಇತ್ತು, ಹೇಳುತ್ತಿರಲಿಲ್ಲ.

ಅವನಿಗೊಂದು ಅಭ್ಯಾಸ. ಟೇಪು ಅಂಟಿಸಿ ಮುಗಿದ ಮೇಲೆ ಅದರ ತುದಿಯನ್ನು ಒಂದು ಬೆರಳಿನಷ್ಟು ಒಳಕ್ಕೆ ಮಡಚುತ್ತಿದ್ದ. ಬಿಚ್ಚುವವರು ಅದನ್ನು ಹಿಡಿದು ಎಳೆದರೆ ಸಾಕು, ಸರ್ರನೆ ಬಂದುಬಿಡುತ್ತದೆ. ಸೂಪರ್‌ವೈಸರ್ ಇದಕ್ಕಾಗಿ ದಿನವೂ ರೇಗುತ್ತಿದ್ದ.

“ಒಂದೊಂದು ಪಾರ್ಸಲ್‌ಗೆ ಎರಡೆರಡು ಸೆಕೆಂಡ್ ವೇಸ್ಟ್ ಮಾಡ್ತಿದೀಯಲ್ಲಯ್ಯ!”

“ಬಿಚ್ಚೋರ ಉಗುರು ಮುರಿಯುತ್ತೆ ಸಾರ್,” ಅನ್ನುತ್ತಿದ್ದ ಅವನು ತಲೆ ಎತ್ತದೆ. ಮಡಚುವುದನ್ನು ಬಿಡುತ್ತಿರಲಿಲ್ಲ.

ಸಂಜೆ ಟೀ ಮೆಷಿನ್ ಹತ್ತಿರ ನಮ್ಮದು ಒಂದೇ ಮಾತು.

“ಇವತ್ತು ಎಷ್ಟು ಪ್ರೀತಿ ಮೇಡಂ?”

“ನೂರಾ ಮೂವತ್ತೆರಡು. ಕೈ ಹೋಯ್ತು.”

ಅವನು ನನ್ನ ಕಪ್ಪನ್ನು ತಾನೇ ತುಂಬಿಸಿ ನನ್ನ ಎಡಗೈಗೆ ಕೊಡುತ್ತಿದ್ದ. ಬಲಗೈಗೆ ಒಂದು ದಿನವೂ ಕೊಟ್ಟವನಲ್ಲ. ಮೂವತ್ತಾರು ವರ್ಷದ, ಒಂದು ಮದುವೆ ಮುಗಿಸಿ ಅಮ್ಮನ ಮನೆಗೆ ವಾಪಸ್ ಬಂದ ಹೆಂಗಸು ಇಂಥದ್ದನ್ನೆಲ್ಲ ಗಮನಿಸಬಾರದು. ನಾನು ಗಮನಿಸುತ್ತಿದ್ದೆ.

ಹೀಗಿರುವಾಗ ಒಂದು ಚೀಟಿ ಬಂತು.

‘ನೀವು ನಕ್ಕ ದಿನ ನನಗೆ ಕೆಲಸ ಭಾರ ಅನ್ನಿಸುವುದಿಲ್ಲ. ಆದರೆ ನೀವು ನಗುವುದೇ ಅಪರೂಪ.’

ನನಗೆ ನಗು ಬಂತು. ಬೆಳಗಿನಿಂದ ‘ಚಿನ್ನ’, ‘ಬಂಗಾರ’, ‘ನನ್ನ ಪುಟ್ಟಿ’ ಎಂದು ಬರೆದು ಬರೆದು ಬೆರಳಿಗೆಲ್ಲ ಜೇನು ಮೆತ್ತಿಕೊಂಡ ಹಾಗಾಗಿತ್ತು. ಅದರ ಮಧ್ಯೆ ಇದೊಂದು ‘ನೀವು’.

“ರೀ, ಇಲ್ಲಿ ಕೇಳಿ,” ಎಂದು ಗಟ್ಟಿಯಾಗಿ ಓದಿದೆ. ಗುಟ್ಟಿನ ನಿಯಮ ಎಲ್ಲಾ ಗಾಳಿಗೆ. “ಯಾರೋ ಪಾಪ, ಬಹುವಚನದಲ್ಲಿ ಪ್ರೀತಿ ಮಾಡ್ತಿದ್ದಾರೆ. ಇದು ಮುಂದಕ್ಕೆ ಹೋಗೋ ಗಾಡಿ ಅಲ್ಲ.”

“ಯಾಕೆ ಹೋಗಲ್ಲ?” ಅವನ ಬೆರಳಿಗೆ ಟೇಪು ಅಂಟಿಕೊಂಡಿತ್ತು.

“‘ನೀವು’ ಅಂತ ಶುರು ಮಾಡಿದೋರು ‘ನೀನು’ ಅನ್ನೋಷ್ಟರಲ್ಲಿ ವಯಸ್ಸಾಗಿಬಿಡುತ್ತೆ.”

ಅವನು ಬೆರಳಿನ ಟೇಪು ಬಿಡಿಸುವುದಕ್ಕೇ ಬಹಳ ಹೊತ್ತು ತೆಗೆದುಕೊಂಡ. ಕಿವಿ ಕೆಂಪಗಾಗಿದ್ದವು. ಸೆಖೆ ಇರಬೇಕು ಎಂದುಕೊಂಡೆ. ಆಗ ಹೊರಗೆ ಚಳಿ ಇತ್ತು ಎಂಬುದು ನನಗೆ ಈಗ ನೆನಪಾಗುತ್ತಿದೆ.

ವಾರದ ಮೇಲೆ ಅದೇ ಗಿರಾಕಿಯ ಎರಡನೆಯ ಚೀಟಿ. ‘ನೀವು’ ನೋಡಿದ ತಕ್ಷಣ ಗುರುತು ಹಿಡಿದೆ.

‘ನಿಮಗೆ ಸುಸ್ತಾಗಿದೆ ಅಂತ ಗೊತ್ತು. ನನಗೂ ಆಗಿದೆ. ಒಟ್ಟಿಗೆ ಕೂತು ಸುಸ್ತಾಗಬಹುದಲ್ಲ?’

ಈ ಸಲ ನಗು ಬರಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಕೂತೆ. ನನಗೂ ಯಾರೂ ಚಂದ್ರನನ್ನು ತಂದುಕೊಡುವುದು ಬೇಕಿರಲಿಲ್ಲ. ಸಂಜೆ ಪಕ್ಕದಲ್ಲಿ ಕೂತು ಕಾಲು ಚಾಚಿ ‘ಉಸ್ಸಪ್ಪಾ’ ಅನ್ನುವ ಒಬ್ಬರು ಸಾಕಾಗಿತ್ತು. ಈ ಮಾತು ಕೇಳಿಸಿಕೊಳ್ಳಲಿರುವ ಆ ಹೆಂಗಸಿನ ಮೇಲೆ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

“ಏನಾಯ್ತು ಮೇಡಂ?”

ಓದಿ ಹೇಳಿದೆ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ.

“ಅವರು... ಹೂಂ ಅಂತಾರೆ ಅಂತೀರಾ?”

“ಅನ್ನದಿದ್ರೆ ಅವಳಿಗೆ ತಲೆ ಕೆಟ್ಟಿದೆ ಅಂತ ಅರ್ಥ.”

ಅವನು ತಲೆ ಎತ್ತಿ ನನ್ನನ್ನು ನೋಡಿದ. ಒಂದು ಗಳಿಗೆ ಜಾಸ್ತಿಯೇ ನೋಡಿದ. ಮಿಕ್ಕ ದಿನವೆಲ್ಲ ಆ ಮೇಜಿನಿಂದ ಸಣ್ಣಗೆ ಗುನುಗುವುದು ಕೇಳಿಸುತ್ತಿತ್ತು. ಅವನ ರಾಗ ಕೇಳುವ ಹಾಗಿರಲಿಲ್ಲ, ಆದರೂ ನಾನು ಬೇಡ ಅನ್ನಲಿಲ್ಲ.

ಮೂರನೆಯ ಚೀಟಿ ಬಂದದ್ದು ಸೀಸನ್ನಿನ ಕೊನೆಯ ವಾರ, ಸೋಮವಾರ.

‘ಶುಕ್ರವಾರ ಇದನ್ನು ಹಾಕಿಕೊಂಡು ಬನ್ನಿ, ಹೂಂ ಅಂತ ತಿಳಿಯುತ್ತೇನೆ. ಹಾಕದಿದ್ದರೆ ಮತ್ತೆ ಕೇಳುವುದಿಲ್ಲ, ಬೇಜಾರೂ ಇಲ್ಲ.’

“ಸೀರೆ ಇರಬೇಕು,” ಅಂದೆ ಅವನಿಗೆ. ಅವನು ಮುಗುಳ್ನಕ್ಕು ಕಾರ್ಡು ತೆಗೆದುಕೊಂಡ.

ಶುಕ್ರವಾರ ನಾನು ಎಂದಿನ ಬೂದು ಸ್ವೆಟರ್‌ನಲ್ಲಿ ಹೋದೆ. ಅವನು ಬಾಗಿಲಲ್ಲೇ ನಿಂತಿದ್ದ. ನನ್ನ ಮುಖ ನೋಡಿದ, ಕೈ ನೋಡಿದ, ಒಳಗೆ ಹೋಗಿಬಿಟ್ಟ. ಅವತ್ತು ಟೀ ಮೆಷಿನ್ ಹತ್ತಿರ ನಾನೇ ಕಾದೆ. ಬಂದ, ಕಪ್ಪು ತುಂಬಿಸಿ ಕೊಟ್ಟ. ಎಡಗೈಗೇ ಕೊಟ್ಟ. ಎಷ್ಟು ಪ್ರೀತಿ ಎಂದು ಮಾತ್ರ ಕೇಳಲಿಲ್ಲ.

“ಏನ್ರೀ, ಮುಖ ಯಾಕೆ ಹೀಗಿದೆ?”

“ಬೇರೆ ಊರಲ್ಲಿ ಕೆಲಸ ಸಿಕ್ಕಿದೆ ಮೇಡಂ. ನಾಳೆ ಐಡಿ ಕಾರ್ಡ್ ವಾಪಸ್ ಕೊಟ್ಟು ಹೊರಡ್ತೀನಿ.”

“ಓಹ್. ಒಳ್ಳೇದಾಯ್ತಲ್ಲ,” ಅಂದೆ. ಟೀ ಬಾಯಿ ಸುಟ್ಟಿತು. ಹೋಗಬೇಡಿ ಅನ್ನುವುದಕ್ಕೆ ನಾನು ಯಾರು? ನೂರಾ ನಲವತ್ತು ಜನರ ಪರವಾಗಿ ಬರೆದ ಕೈಗೆ ಸ್ವಂತದ್ದು ಒಂದು ಸಾಲು ಹೊಳೆಯಲಿಲ್ಲ.

ಮನೆಗೆ ಬಂದಾಗ ಅಮ್ಮ ಆಗಲೇ ಟಿವಿ ಮುಂದೆ ಕೂತಾಗಿತ್ತು. ಪ್ರತಿಭಾ ಸ್ಪರ್ಧೆಯ ಫೈನಲ್. ಎರಡು ತಿಂಗಳಿಂದ ನಮ್ಮ ಮನೆ ಆ ಕಾರ್ಯಕ್ರಮದ ಸುತ್ತ ತಿರುಗುತ್ತಿತ್ತು. ಸಿಳ್ಳೆಯಲ್ಲೇ ಹಾಡು ನುಡಿಸುವ ಒಬ್ಬ ಬಸ್ ಡ್ರೈವರ್ ಅಮ್ಮನ ಫೇವರಿಟ್. ವೋಟು ಹಾಕಲೆಂದೇ ಮೊಬೈಲು ಕಲಿತಿದ್ದಳು. ಕಾರ್ಯಕ್ರಮ ನಡೆಯುವಾಗ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ, ಏನೇ ಇದ್ದರೂ ಜಾಹೀರಾತಿನಲ್ಲಿ. ನನ್ನ ಡೈವೋರ್ಸ್ ವಿಷಯವನ್ನೂ ನಾನು ಅಮ್ಮನಿಗೆ ಹೇಳಿದ್ದು ಇಂಥದ್ದೇ ಒಂದು ಜಾಹೀರಾತಿನ ನಡುವೆ.

ಮೊದಲ ಜಾಹೀರಾತು ಬಂತು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ,” ಅಂದಳು ಅಮ್ಮ.

“ಕೇಳಮ್ಮ.”

ಅವಳು ಸೆರಗಿನ ತುದಿ ತಿರುವುತ್ತಾ ಕೂತಳು. ಅಷ್ಟರಲ್ಲಿ ಕಾರ್ಯಕ್ರಮ ಶುರುವಾಯಿತು. ಬೆಂಕಿ ಉಂಡೆ ಎಸೆದು ಹಿಡಿಯುವ ಇಬ್ಬರು ಬಂದುಹೋದರು. ತೀರ್ಪುಗಾರ್ತಿ ಕಣ್ಣೊರೆಸಿಕೊಂಡಳು. ಎರಡನೆಯ ಜಾಹೀರಾತು.

“ನಿನಗೆ ನೀನೇ ಪಾರ್ಸಲ್ ಕಳಿಸ್ಕೊಳ್ತಿದೀಯಲ್ಲ ಮಗಳೇ, ಯಾಕೆ?”

“ಏನು?”

ಅಮ್ಮ ಎದ್ದು ಟಿವಿ ಕೆಳಗಿನ ಡ್ರಾಯರ್ ಎಳೆದಳು. ಮೂರು ಡಬ್ಬಿ.

“ಮೊದಲನೇದು ಬಂದಾಗ ನನಗೇ ಏನೋ ತರಿಸಿದೀಯ ಅಂತ ಬಿಚ್ಚಿಬಿಟ್ಟೆ. ನೋಡಿದ್ರೆ ನಿನ್ನ ಅಕ್ಷರ! ನನಗೆ ಗೊತ್ತಾಗಲ್ವಾ, ಕೈ ಹಿಡಿದು ತಿದ್ದಿಸಿದೋಳು ನಾನೇ. ಅಯ್ಯೋ, ಯಾರೂ ಇಲ್ಲ ಅಂತ ಇವಳು ತನಗೆ ತಾನೇ ಗಿಫ್ಟ್ ಕಳಿಸ್ಕೊಂಡು, ತನಗೆ ತಾನೇ ‘ನೀವು’ ಅಂತ ಮರ್ಯಾದೆ ಕೊಟ್ಕೊಳ್ತಿದ್ದಾಳಲ್ಲಪ್ಪಾ ಅನ್ನಿಸ್ತು. ನೀನಾಗೇ ಕೇಳಿದ್ರೆ ಕೊಡೋಣ ಅಂತ ಕಾದೆ. ನೀನು ಕೇಳ್ಲಿಲ್ಲ. ನಾಚಿಕೆ ಇರಬೇಕು ಅಂತ ನಾನೂ ಸುಮ್ಮನಾದೆ.”

ಅಮ್ಮನ ಕಣ್ಣು ತುಂಬಿತ್ತು. ನನ್ನದು ಬರೆಯುವ ಕೆಲಸ ಎಂದಷ್ಟೇ ಅವಳಿಗೆ ಗೊತ್ತಿತ್ತು, ಬೇರೆಯವರ ಪ್ರೀತಿಯನ್ನು ಬರೆಯುವುದು ಎಂದು ನಾನು ಹೇಳಿರಲಿಲ್ಲ. ನಾನು ಡಬ್ಬಿಗಳ ಮುಂದೆ ನೆಲದ ಮೇಲೆ ಕೂತು ಒಂದೊಂದನ್ನೇ ತೆರೆದೆ.

ಒಂದರಲ್ಲಿ ನೋವಿನ ಮುಲಾಮು. ಒಂದರಲ್ಲಿ ಎರಡು ಟೀ ಕಪ್ಪು. ಮೂರನೆಯದರಲ್ಲಿ ಮಣಿಕಟ್ಟಿಗೆ ಸುತ್ತುವ ಹಸಿರು ಪಟ್ಟಿ, ಬರೆಯುವವರು ನೋವಿಗೆ ಹಾಕಿಕೊಳ್ಳುವಂಥದ್ದು. ಮೂರು ಕಾರ್ಡು, ಮೂರೂ ನನ್ನ ಕೈಬರಹ. ಡಬ್ಬಿಗೆ ಇನ್ನೂ ಟೇಪು ನೇತಾಡುತ್ತಿತ್ತು. ತಿರುಗಿಸಿ ನೋಡಿದೆ. ತುದಿ ಒಂದು ಬೆರಳಿನಷ್ಟು ಒಳಕ್ಕೆ ಮಡಚಿತ್ತು.

ಒಟ್ಟಿಗೆ ಕೂತು ಸುಸ್ತಾಗಬಹುದಲ್ಲ ಎಂದು ಅವನು ಕೇಳಿದ್ದು ನನ್ನನ್ನು. ನಾನು ಹೊಟ್ಟೆಕಿಚ್ಚುಪಟ್ಟದ್ದು ನನ್ನ ಮೇಲೇ. ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು ನೋಡಿದ್ದು ಈ ಪಟ್ಟಿಗಾಗಿ.

“ಅಮ್ಮಾ, ಇದನ್ನ ನಾನು ಕಳಿಸಿಲ್ಲ. ಬರೆದಿದ್ದು ಮಾತ್ರ ನಾನು.”

“ಹಾಗಂದ್ರೆ?”

ಟಿವಿಯಲ್ಲಿ ಕಾರ್ಯಕ್ರಮ ಮತ್ತೆ ಶುರುವಾಗಿತ್ತು. ಬಸ್ ಡ್ರೈವರ್ ವೇದಿಕೆಗೆ ಬಂದು ನಿಂತಿದ್ದ. ಅಮ್ಮ ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ಇಳಿಸಿಬಿಟ್ಟಳು. ನನ್ನ ತಿಳುವಳಿಕೆಯಲ್ಲಿ ಅಂಥದ್ದು ನಡೆದದ್ದು ಅದೇ ಮೊದಲು.

ಎಲ್ಲವನ್ನೂ ಹೇಳಿದೆ. ಸೀಸನ್ನಿನ ಮೊದಲ ವಾರ ನಮ್ಮ ಕಂಪನಿಯಿಂದಲೇ ಅಮ್ಮನಿಗೆಂದು ರಿಮೋಟಿನ ಕವರ್ ತರಿಸಿದ್ದೆ. ಆ ಲೇಬಲ್ ಅಂಟಿಸಿದ್ದೂ ಅವನೇ, ನಮ್ಮ ವಿಳಾಸ ಸಿಕ್ಕಿದ್ದು ಹಾಗೆ.

“ಅವನ್ನ ಏನಂತ ಕರೀತಾರೆ?”

“ಟೇಪಣ್ಣ ಅಂತ.”

“ನೀನೂ ಅಣ್ಣ ಅಂತೀಯಾ?”

“ನಾನು ಅನ್ನಲ್ಲ.”

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಸರಿ ಹಾಗಾದ್ರೆ. ಬೆಳಿಗ್ಗೆ ಬೇಗ ಹೋಗು. ತಲೆ ನೆಟ್ಟಗೆ ಬಾಚ್ಕೊಂಡು ಹೋಗು.” ಡ್ರೈವರ್ ಎರಡನೆಯ ಸ್ಥಾನಕ್ಕೆ ಬಂದದ್ದು ಅವಳಿಗೆ ಮಾರನೆಯ ದಿನ ಪಕ್ಕದ ಮನೆಯವರಿಂದ ಗೊತ್ತಾಯಿತು.

ಶನಿವಾರ ನಾನು ತಲುಪಿದಾಗ ಅವನು ಸೂಪರ್‌ವೈಸರ್ ಕಿಟಕಿಯ ಮುಂದೆ ನಿಂತು ಐಡಿ ಕಾರ್ಡಿನ ದಾರ ಸುತ್ತುತ್ತಿದ್ದ. ಕಾಲ ಬಳಿ ಒಂದು ಬ್ಯಾಗು. ನಾನು ಓಡಿ ಬಂದಿದ್ದೆ. ಬಲಗೈಯನ್ನು ಅವನ ಮುಂದೆ ಚಾಚಿದೆ.

ಅವನು ಹಸಿರು ಪಟ್ಟಿ ನೋಡಿದ. ನನ್ನನ್ನು ನೋಡಿದ. ಮತ್ತೆ ಪಟ್ಟಿ ನೋಡಿದ.

“ಶುಕ್ರವಾರ ಅಂತ ಬರೆದಿದ್ದೆ ಮೇಡಂ.”

“ಬರೆದಿದ್ದು ನಾನು. ನನಗೆ ಗೊತ್ತಿಲ್ವಾ? ಕೈಗೆ ಸಿಕ್ಕಿದ್ದು ನಿನ್ನೆ ಸಂಜೆ.”

“ಮೂರೂನಾ?”

“ಮೂರೂ. ಅಮ್ಮ ಬಚ್ಚಿಟ್ಟಿದ್ರು.”

“ನಾನು ಇಷ್ಟ ಇಲ್ಲ ಅಂತಾನಾ?”

“ನಿಮ್ಮ ವಿಷಯ ಅವರಿಗೆ ಗೊತ್ತೇ ಇರ್ಲಿಲ್ಲ ಕಣ್ರೀ. ನನಗೆ ನಾನೇ ಲವ್ ಲೆಟರ್ ಬರ್ಕೊಳ್ತಿದೀನಿ, ಮಗಳ ತಲೆ ಕೆಟ್ಟಿದೆ ಅಂತ.”

ಅವನು ಗೋಡೆಗೆ ಒರಗಿ ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದಷ್ಟೇ ಅಲ್ಲ ಎಂದು ಇಬ್ಬರಿಗೂ ತಿಳಿಯಿತು. ಕಿಟಕಿಯೊಳಗಿಂದ ಸೂಪರ್‌ವೈಸರ್ ಕತ್ತು ಚಾಚಿ ನೋಡಿ ಮತ್ತೆ ರಿಜಿಸ್ಟರಿನೊಳಗೆ ತಲೆ ಹಾಕಿದ.

“ಬಸ್ಸು ಎಷ್ಟೊತ್ತಿಗೆ?”

“ಹತ್ತೂವರೆಗೆ. ಕೆಲಸ ಒಪ್ಕೊಂಡುಬಿಟ್ಟಿದೀನಿ.”

“ಎಷ್ಟು ದೂರ?”

“ಎರಡು ಗಂಟೆ.”

“ಎರಡು ಗಂಟೆಗೆ ಇಷ್ಟು ಉದ್ದ ಮುಖ ಮಾಡ್ಕೊಂಡಿದ್ರಾ? ಭಾನುವಾರ ಬನ್ನಿ. ಕಪ್ಪು ಎರಡಿವೆ. ಒಟ್ಟಿಗೆ ಕೂತು ಸುಸ್ತಾಗೋಣ. ಟಿವಿಯಲ್ಲಿ ಏನಾದ್ರೂ ಬರ್ತಿದ್ರೆ ಮಾತ್ರ ಬಾಯಿ ಬಿಡಬೇಡಿ, ಅಮ್ಮ ಬೈತಾರೆ.”

“ಬರ್ತೀನಿ. ನೀವು... ನೀ...” ಅವನು ಪ್ರಯತ್ನಪಟ್ಟ. ಕಿವಿ ಕೆಂಪಾದವು. “ಆಗ್ತಿಲ್ಲ ಮೇಡಂ. ‘ನೀನು’ ಅನ್ನೋಷ್ಟರಲ್ಲಿ ವಯಸ್ಸಾಗಿಬಿಡುತ್ತೆ ಅಂದಿದ್ರಿ ನೀವು.”

“ಆಗ್ಲಿ ಬಿಡಿ. ಇಬ್ಬರಿಗೂ ಒಟ್ಟಿಗೇ ಆಗ್ಲಿ.”

ಅವನು ನನ್ನ ಬಲಗೈಯನ್ನು ಮೊದಲ ಸಲ ಹಿಡಿದುಕೊಂಡ. ಸಡಿಲವಾಗಿದ್ದ ಪಟ್ಟಿಯನ್ನು ಬಿಚ್ಚಿ ಸರಿಯಾಗಿ ಸುತ್ತಿದ. ಸುತ್ತಿ ಮುಗಿದ ಮೇಲೆ ಅದರ ತುದಿಯನ್ನು, ನನಗೆ ಬಿಚ್ಚಲು ಸುಲಭವಾಗಲೆಂದು, ಒಂದು ಬೆರಳಿನಷ್ಟು ಒಳಕ್ಕೆ ಮಡಚಿದ. ಆಮೇಲೆ ಬ್ಯಾಗು ಹೆಗಲಿಗೇರಿಸಿ ಗೇಟಿನ ತನಕ ಹೋಗಿ ತಿರುಗಿ ನಿಂತ.

“ಇವತ್ತು ಎಷ್ಟು ಪ್ರೀತಿ ಮೇಡಂ?”

ನನ್ನ ಮೇಜಿನ ಮೇಲೆ ಚೀಟಿಗಳ ರಾಶಿ ಕಾಯುತ್ತಿತ್ತು.

“ಒಂದೇ,” ಅಂದೆ.