ನಲವತ್ತೊಂದನೆಯ ಟ್ಯೂಬ್

ಒಂದು ಕಳುವಾಗಿದ್ದರೆ ಹುಡುಕಲು ದಾರಿಯಾದರೂ ಇರುತ್ತಿತ್ತು. ಇಲ್ಲಿ ಒಂದು ಹೆಚ್ಚಾಗಿತ್ತು!

ಶಿರಾಳಕೊಪ್ಪದ ಸಂಗ್ರಹ ಕೇಂದ್ರದಲ್ಲಿ ಬೆಳಿಗ್ಗೆ ಫ್ರೀಜರ್ ತೆರೆದ ಮೇಲ್ವಿಚಾರಕಿ ಪವಿತ್ರ ರಕ್ತದ ಟ್ಯೂಬುಗಳನ್ನು ಮೂರು ಸಲ ಎಣಿಸಿದಳು. ಹಿಂದಿನ ದಿನ ಆನವಟ್ಟಿಯ ಶಿಬಿರದಲ್ಲಿ ರಕ್ತ ಕೊಟ್ಟವರು ನಲವತ್ತು ಜನ. ಒಪ್ಪಿಗೆ ಪತ್ರ ನಲವತ್ತು. ಟ್ಯೂಬು ಮಾತ್ರ ನಲವತ್ತೊಂದು. ಹೆಚ್ಚಿನದಕ್ಕೆ ನಂಬರಿನ ಚೀಟಿಯೂ ಇರಲಿಲ್ಲ.

ನರ್ಸ್ ಯಾಸ್ಮೀನ್ ತಾನೂ ಒಮ್ಮೆ ಎಣಿಸಿ ನೋಡಿದಳು. ಶಿಬಿರದಲ್ಲಿ ಸೂಜಿ ಹಿಡಿದವಳು ಅವಳೊಬ್ಬಳೇ. ಈ ರಕ್ತ ಹೋಗುವುದು ರಾಷ್ಟ್ರೀಯ ಬಯೋಬ್ಯಾಂಕಿಗೆ. ಅಲ್ಲಿ ಊರೂರಿನ ಜನರ ರಕ್ತವನ್ನು ವರ್ಷಗಟ್ಟಲೆ ಹೆಪ್ಪುಗಟ್ಟಿಸಿಟ್ಟು, ಹೆಸರು ತೆಗೆದು, ಬರೀ ನಂಬರಿನ ಮೇಲೆ ಸಂಶೋಧಕರಿಗೆ ಹಂಚುತ್ತಾರೆ. ಒಪ್ಪಿಗೆಯಿಲ್ಲದ ಒಂದು ಹನಿಯೂ ಒಳಗೆ ಹೋಗುವಂತಿಲ್ಲ. ಒಂದು ಯಾರದೆಂದು ತಿಳಿಯದಿದ್ದರೆ ಉಳಿದ ನಲವತ್ತನ್ನು ನಂಬುವುದು ಹೇಗೆ? ನಾಲ್ಕು ಗಂಟೆಗೆ ವ್ಯಾನು ಬರುವಷ್ಟರಲ್ಲಿ ಗೊತ್ತಾಗದಿದ್ದರೆ ಎಲ್ಲವನ್ನೂ ಚೆಲ್ಲಬೇಕು; ಯಾಸ್ಮೀನ್ ಕೆಲಸ ಕಳೆದುಕೊಳ್ಳಬೇಕು. ಪವಿತ್ರ ಇದನ್ನು ಬೈಯದೆ, ಮೆತ್ತಗೆ ಹೇಳಿದಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಯಾಸ್ಮೀನ್‌ಗೆ. ಎಂಬತ್ತು ದಾಟಿದ ಅಕ್ತರ್ ಬೀ ನರ ಸಿಗದೆ ಎರಡು ಸಲ ಚುಚ್ಚಿಸಿಕೊಂಡೂ ನಗುತ್ತ ರಕ್ತ ಕೊಟ್ಟಿದ್ದರು. ಅದನ್ನೂ ಚೆಲ್ಲುವುದೇ?

ಹನ್ನೊಂದಕ್ಕೆ ಸದಾಶಿವಪ್ಪ ಬಂದರು. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೈದು ವರ್ಷ ಸವೆಸಿ ನಿವೃತ್ತರಾದವರು. ಕೇಂದ್ರಕ್ಕೆ ತೊಡಕು ಬಂದಾಗಲೆಲ್ಲ ಅವರಿಗೇ ಫೋನು. ಬಂದವರೇ ಮೊದಲು ಚಹಾ ಕೇಳಿದರು. ಆಮೇಲೆ ಜೇಬಿನಿಂದ ಭೂತಗನ್ನಡಿ ತೆಗೆದು ಆ ಟ್ಯೂಬಿನ ನೇರಳೆ ಮುಚ್ಚಳವನ್ನು ನೋಡಿದರು. ಉಳಿದ ನಲವತ್ತು ಮುಚ್ಚಳಗಳನ್ನೂ ಒಂದೊಂದಾಗಿ ನೋಡಿದರು.

"ನೀನು ರಕ್ತ ತೆಗೆಯುವಾಗ ಮುಚ್ಚಳ ಬಿಚ್ತೀಯೇನಮ್ಮ?"

"ಇಲ್ಲ ಸರ್. ಸೂಜಿ ಮುಚ್ಚಳದ ರಬ್ಬರಿಗೇ ಚುಚ್ಚತ್ತೆ. ಎಷ್ಟು ಬೇಕೋ ಅಷ್ಟನ್ನ ಟ್ಯೂಬೇ ಎಳ್ಕೊಳ್ಳತ್ತೆ."

"ನಿನ್ನೆ ಯಾವುದಾದರೂ ಖಾಲಿ ಟ್ಯೂಬ್ ಕೆಳಗೆ ಬಿತ್ತಾ?"

ಯಾಸ್ಮೀನ್ ಯೋಚಿಸಿದಳು. ಒಂದು ಉರುಳಿ ಬಿದ್ದಿತ್ತು. ಬಿದ್ದದ್ದನ್ನು ಬಳಸುವಂತಿಲ್ಲವೆಂದು ಬುಟ್ಟಿಗೆ ಎಸೆದಿದ್ದಳು. ಆಗ ಎದುರಿನ ಕುರ್ಚಿಯಲ್ಲಿ ಯಾರಿದ್ದರು? ನೆನಪಾಗಲಿಲ್ಲ.

ಸದಾಶಿವಪ್ಪ ಶಿಬಿರದಿಂದ ಟ್ಯೂಬುಗಳ ಪೆಟ್ಟಿಗೆಯನ್ನು ಕೇಂದ್ರಕ್ಕೆ ತಂದ ಮೊಯಿನ್‌ನನ್ನು ಕರೆದರು. ಬೈಕಿನ ಹಿಂದಿನ ಸೀಟಿಗೆ ಬೆಲ್ಟು ಬಿಗಿದು ನೆಟ್ಟಗೆ ತಂದೆ, ಎಲ್ಲೂ ನಿಲ್ಲಿಸಲಿಲ್ಲ ಎಂದ ಅವನು.

"ಹಿಂದೆ ಕೂತವರ ತೊಡೆ ಮೇಲಿತ್ತೋ, ಸೀಟಿನ ಮೇಲಿತ್ತೋ?"

ಮೊಯಿನ್ ತಲೆ ತಗ್ಗಿಸಿದ. ಪೆಟ್ಟಿಗೆಯಿದ್ದಾಗ ಯಾರನ್ನೂ ಹತ್ತಿಸಿಕೊಳ್ಳಬಾರದು ಎಂಬುದು ನಿಯಮ.

"ಕುರಿ ಕಾಯೋ ಸಣ್ಣಬೀರಪ್ಪಜ್ಜ ಕೈ ಅಡ್ಡ ಹಾಕಿದ್ರು ಸರ್. ಬೆಳಿಗ್ಗೆ ರಕ್ತ ಕೊಟ್ಟೋರೇ. ಬಿಟ್ಟು ಬರಕ್ಕೆ ಮನಸ್ಸಾಗಲಿಲ್ಲ. ಪೆಟ್ಟಿಗೆ ಅವರ ತೊಡೆ ಮೇಲೇ ಇತ್ತು."

ಸದಾಶಿವಪ್ಪ ಚಹಾದ ಲೋಟ ಕೆಳಗಿಟ್ಟರು. "ಎಲ್ಲರೂ ಇಲ್ಲದ ಚೀಟಿಯನ್ನೇ ನೋಡಿದಿರಿ, ಇದ್ದ ಮುಚ್ಚಳ ನೋಡಲಿಲ್ಲ. ನಲವತ್ತರ ರಬ್ಬರಿಗೂ ಸೂಜಿಯ ತೂತಿದೆ, ಇದಕ್ಕಿಲ್ಲ. ಮುಚ್ಚಳ ಬಿಚ್ಚಿ, ಕಂಠದವರೆಗೆ ತುಂಬಿಸಿ, ಮತ್ತೆ ಒತ್ತಿದ್ದಾರೆ. ಇದು ಯಾಸ್ಮೀನ್ ಕೈಕೆಲಸವಲ್ಲ. ಅಂಚಿನಲ್ಲಿ ಒಂದು ಎಳೆ ಸಿಕ್ಕಿಕೊಂಡಿದೆ, ನೋಡಿ. ಉಣ್ಣೆ. ಇದು ಮನುಷ್ಯರ ರಕ್ತವೇ ಅಲ್ಲ, ಕುರಿಯದು. ತಂದಿಟ್ಟವರು ಸಣ್ಣಬೀರಪ್ಪ."

ಕೇಳಿ ಬರೋಣ ಎಂದು ಅವರು ಯಾಸ್ಮೀನ್‌ಳನ್ನು ಕೂರಿಸಿಕೊಂಡು ಕಾರನ್ನು ಆನವಟ್ಟಿ ರಸ್ತೆಗೆ ತಿರುಗಿಸಿದರು. ರಸ್ತೆ ಪಕ್ಕದ ಮುಳ್ಳುಬೇಲಿಯ ಕುರಿರೊಪ್ಪದಲ್ಲಿ ಸಣ್ಣಬೀರಪ್ಪ ಒಂದು ಮರಿಯ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ಯುತ್ತಿದ್ದ. ಕೇಳಿದ್ದಕ್ಕೆ ಮುಚ್ಚುಮರೆ ಮಾಡಲಿಲ್ಲ.

"ಹೂಂ, ನಾನೇ. ಬುಟ್ಟಿಯಾಗೆ ಬಿದ್ದಿತ್ತು, ತಗಂಡೆ. ಎಂಟು ಮರಿ ಹೋದ್ವು ತಂಗಿ, ಯಾವ ಕಾಯಿಲೆ ಅಂತ ಯಾರೂ ಹೇಳವಲ್ಲರು. ಮನುಷ್ಯರ ರಕ್ತ ನೋಡಿ ಹೇಳೋರು ಕುರೀದು ನೋಡಿ ಹೇಳಲ್ವಾ? ಹೆಂಗೂ ನನ್ನ ರಿಪೋರ್ಟು ಬರ್ತೈತಲ್ಲ, ಅದರ ಜೊತೆಗೇ ಇದೂ ಬರ್ಲಿ ಅಂತ ಇಟ್ಟೆ."

ಸದಾಶಿವಪ್ಪ ನಕ್ಕು, ಪರಿಚಯದ ಪಶುವೈದ್ಯರಿಗೆ ಆಗಲೇ ಫೋನು ಹಚ್ಚಿದರು. ಸಂಜೆಗೆ ಬಂದು ಹೊಸದಾಗಿ ರಕ್ತ ತೆಗೆದು ತಮ್ಮ ಲ್ಯಾಬಿಗೇ ಕಳಿಸುವುದಾಗಿ ವೈದ್ಯರು ಒಪ್ಪಿಕೊಂಡರು.

ಯಾಸ್ಮೀನ್‌ಗೆ ನಗು ಬರಲಿಲ್ಲ. ನನ್ನ ರಿಪೋರ್ಟು ಎಂದನಲ್ಲ? ಬಯೋಬ್ಯಾಂಕಿನಿಂದ ಯಾರ ಮನೆಗೂ ರಿಪೋರ್ಟು ಬರುವುದಿಲ್ಲ. ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿ ಹಾಗೆಂದು ಬರೆದಿತ್ತು. ಓದಿ ಹೇಳಬೇಕಾದವಳು ಅವಳೇ. ಸಾಲು ಉದ್ದವಿತ್ತು, ಬಿಸಿಲೇರುತ್ತಿತ್ತು; ಎಲ್ಲರಿಗೂ ಒಂದೇ ಮಾತು ಹೇಳಿದ್ದಳು, ಇಲ್ಲಿ ಸಹಿ ಹಾಕಿ, ಇಲ್ಲಿ ಹೆಬ್ಬೆಟ್ಟು ಒತ್ತಿ. ಮಾಡದ ತಪ್ಪಿಗೆ ಬೆಳಗಿನಿಂದ ಬೆವತವಳಿಗೆ ಮಾಡಿದ ತಪ್ಪು ಈಗ ಕಾಣಿಸಿತು. ನಾಚಿಕೆಯಾಯಿತು.

ಅವಳು ಅಜ್ಜನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು.

"ಅಜ್ಜ, ರಿಪೋರ್ಟು ಬರಲ್ಲ. ನಿಮ್ಮ ರಕ್ತ ಬೇರೆ ಬೇರೆ ಊರಿನ ಸಂಶೋಧಕರ ಕೈಗೆ ಹೋಗತ್ತೆ. ಮುಂದೆ ಯಾರದೋ ಮಕ್ಕಳಿಗೆ ಉಪಯೋಗ ಆಗಬಹುದು, ನಿಮಗೆ ಏನೂ ಸಿಗಲ್ಲ. ಬೇಡ ಅಂದ್ರೆ ಈಗಲೇ ನಿಮ್ಮ ಟ್ಯೂಬ್ ತೆಗೆದು ಹಾಕ್ತೀನಿ."

ಸಣ್ಣಬೀರಪ್ಪ ಮರಿಯ ಬಾಯಿ ಒರೆಸಿದ.

"ಯಾರದಾರ ಮಕ್ಕಳಿಗೆ ಅಂದ್ರೆ ಇರ್ಲಿ ಬಿಡು. ಆದ್ರೆ ಇದನ್ನ ನಿನ್ನೇನೇ ಹೇಳ್ಬೇಕಿತ್ತು ಕಣವ್ವ."

ಅಷ್ಟರಲ್ಲಿ ಪವಿತ್ರಳ ಫೋನು. ವ್ಯಾನು ಬೇಗನೆ ಬಂದಿತ್ತು. ಸಂಗತಿ ಕೇಳಿ ಅವಳು ನಿರಾಳವಾದಳು. ಕುರಿಯದನ್ನು ತೆಗೆದಿಟ್ಟು ಉಳಿದ ನಲವತ್ತನ್ನು ಹತ್ತಿಸಲೇ ಎಂದು ಕೇಳಿದಳು.

"ಬೇಡ ಮೇಡಂ," ಎಂದಳು ಯಾಸ್ಮೀನ್. "ಮುಂದಿನ ವಾರದ ವ್ಯಾನಿಗೆ ಕಳಿಸೋಣ. ನಾನು ಯಾರಿಗೂ ಪೂರ್ತಿ ಓದಿ ಹೇಳಿಲ್ಲ."

ಮುಂದಿನ ವಾರ ಬನ್ನಿ ಎಂದು ಪವಿತ್ರ ವ್ಯಾನಿನವನಿಗೆ ಹೇಳುವುದು ಫೋನಿನಲ್ಲೇ ಕೇಳಿಸಿತು. ಸದಾಶಿವಪ್ಪ ಕಾರಿನ ಬಾಗಿಲು ತೆರೆದರು.

"ಮೊದಲು ಯಾರ ಮನೆಗಮ್ಮ?"

"ಅಕ್ತರ್ ಬೀ ಮನೆಗೆ ಸರ್."

ಇನ್ನೂ ಮೂವತ್ತೊಂಬತ್ತು ಮನೆಗಳಿದ್ದವು.