ಕಲ್ಲುಗಳಿಗೆ ಹೇಳಿದ ಹೆಸರು

"ಚಪ್ಪಲಿ ಬಿಟ್ಟು ಒಳಗೆ ಬರ್ರೀ!"

ಹಿಂದಿನಿಂದ ಬಂದ ಗಡಸು ದನಿಗೆ ಶರ್ಮಿಳಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಅಳತೆಯ ಟೇಪು ಜಾರಿ ಹುಲ್ಲಿಗೆ ಬಿತ್ತು.

"ಒಳಗೆ ಅಂದ್ರೆ? ಇಲ್ಲಿ ಮನೆ ಎಲ್ಲಿದೆ?"

"ನೀವು ನಿಂತಿರೋದೇ ಮನೆಯಲ್ಲಿ."

ಜಾವಗಲ್ಲಿಗೂ ಹಳೇಬೀಡಿಗೂ ನಡುವಿನ ಬೋಳು ದಿಣ್ಣೆ ಅದು. ನೆತ್ತಿಯ ಮೇಲೆ ದುಂಡಗೆ ನೆಟ್ಟ ಕಲ್ಲುಗಳು. ಮೂರು ಸಾವಿರ ವರ್ಷಗಳ ಹಿಂದೆ ಯಾರೋ ತಮ್ಮವರನ್ನು ಮಣ್ಣು ಮಾಡಿ, ಸುತ್ತಲೂ ಕಲ್ಲು ನಿಲ್ಲಿಸಿ ಹೋಗಿದ್ದರು. ಊರಿನವರಿಗೆ ಅದು ಪಾಂಡವರ ಮನೆ. ಅಂಥ ಕಲ್ಲುಗಳ ಮೇಲೇ ಪಿಎಚ್‌ಡಿ ಮಾಡುತ್ತಿದ್ದವಳು ಶರ್ಮಿಳಾ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರ ಮಗಳು. ಅವಳಿಗೇ ಪಾಠ ಹೇಳಲು ಇವನ್ಯಾರು?

ಕೋಪ ನೆತ್ತಿಗೇರಿತು. ಆದರೂ ಚಪ್ಪಲಿ ಬಿಟ್ಟಳು. ಅವನ ಕಣ್ಣಲ್ಲಿ ಜಗಳವಿರಲಿಲ್ಲ... ನೋವಿತ್ತು.

ಅವನು ಮಹಾಂತೇಶ್. ದಿಣ್ಣೆಯೂ ಅದರ ಕೆಳಗಿನ ತೆಂಗಿನ ತೋಟವೂ ಅವನದೇ. ಗಂಟು ಮುಖದ ಮನುಷ್ಯ ಎಂದು ಅವಳು ಬೈದುಕೊಂಡದ್ದು ಮೊದಲ ವಾರ ಮಾತ್ರ. ಆಮೇಲೆ ಟೇಪಿನ ಇನ್ನೊಂದು ತುದಿ ಹಿಡಿಯಲು ಅವನೇ ಬೇಕಾದ. ಅವನ ತಾಯಿ ಮಹದೇವಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ದಿಣ್ಣೆ ಹತ್ತಿ ಬರತೊಡಗಿದರು.

"ನಮ್ಮನೆಗೆ ಬಂದ ಸೊಸೆ ಮೊದಲು ಈ ಕಲ್ಲುಗಳನ್ನ ಮುಟ್ಟಿ ಹೆಸ್ರು ಹೇಳ್ಬೇಕು ಕಣಮ್ಮ. ಕೆಳಗೆ ಮಲಗಿರೋರ ಹೆಸ್ರು ನಮಗೆ ಗೊತ್ತಿಲ್ಲ. ನಮ್ಮ ಹೆಸ್ರಾದ್ರೂ ಅವ್ರಿಗೆ ಗೊತ್ತಿರ್ಲಿ ಅಂತ. ನಾನೂ ಹೇಳಿದ್ದೆ, ನಮ್ಮತ್ತೇನೂ ಹೇಳಿದ್ರು."

ಶರ್ಮಿಳಾ ಓರೆಗಣ್ಣಿಂದ ಮಹಾಂತೇಶನನ್ನು ನೋಡಿದಳು. ಅವನು ಟೇಪಿನ ಅಂಕಿಗಳನ್ನೇ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು!

ಆ ಸಂಜೆ ಹೊರಡುವಾಗ, ಡ್ರೋನ್ ಫೋಟೋದಲ್ಲಿ ದಿಕ್ಕು ಗುರುತಾಗಲೆಂದು ಉತ್ತರದ ಕಲ್ಲಿಗೆ ದೊಡ್ಡದೊಂದು ಸುಣ್ಣದ ಬೊಟ್ಟಿಟ್ಟಳು. ಮಳೆ ಬಂದರೆ ತೊಳೆದುಹೋಗುತ್ತದೆ, ಅಷ್ಟೇ ತಾನೇ?

ಎರಡು ದಿನ ಬಿಟ್ಟು ಬಂದಾಗ ಉತ್ತರದಲ್ಲಿ ಕಲ್ಲಿರಲಿಲ್ಲ. ಬರೀ ಗುಂಡಿ. ಪಕ್ಕದಲ್ಲಿ ಆ ಕಲ್ಲು ಎರಡು ತುಂಡಾಗಿ ಬಿದ್ದಿತ್ತು. ಜೆಸಿಬಿಯ ಚಕ್ರದ ಗುರುತು ದಿಣ್ಣೆ ಇಳಿದು, ಹೊಸದಾಗಿ ತೆಂಗಿನ ಗುಂಡಿ ತೆಗೆದ ಜಾಗಕ್ಕೆ ಹೋಗಿತ್ತು.

"ಸಸಿ ನೆಡೋಕೆ ಇದನ್ನೂ ಕೀಳಿಸಿಬಿಟ್ರಾ?" ಅವಳು ಮಹಾಂತೇಶನತ್ತ ತಿರುಗಿದಳು.

"ಕಲ್ಲು ತೆಗಿಯೋಕೆ ಹೇಳಿ ನಾನು ಸಂತೆಗೆ ಹೋಗಿದ್ದೆ..." ಮಹಾಂತೇಶ್ ತಲೆ ತಗ್ಗಿಸಿದ. "ತಪ್ಪು ನಂದೇ."

"ನನ್ನ ಚಪ್ಪಲಿ ಬಿಡಿಸಿದೋರು ನೀವೇ ಅಲ್ವಾ? ನಿಮ್ಮನ್ನ ಎಷ್ಟು ನಂಬಿದ್ದೆ ನಾನು!"

ಅವಳು ಅಲ್ಲೇ ನಿಂತು ಪುರಾತತ್ವ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿ ದೂರು ಹೇಳಿದಳು. ಅಧಿಕಾರಿಗಳು ಬಂದಾಗಲೂ ಅವನದು ಅದೇ ಮಾತು... ತಪ್ಪು ನಂದೇ. ಹಿರಿಯರ ನೆಲೆ ಕೆಡಿಸಿದ ಎಂದು ಊರವರು ಅವನನ್ನು ಮಾತಾಡಿಸುವುದನ್ನೇ ಬಿಟ್ಟರು.

'ಆಗಬೇಕಾದ್ದೇ' ಎಂದುಕೊಂಡಳು ಶರ್ಮಿಳಾ.

ಹಳೇಬೀಡಿನ ರೂಮು ಖಾಲಿ ಮಾಡಿ ಹಾಸನದ ಬಸ್ಸು ಹತ್ತಿದಳು. ಇನ್ನು ಈ ಕಡೆ ತಲೆ ಹಾಕುವುದಿಲ್ಲ.

ಹಗರೆಯ ಹತ್ತಿರ ಬಸ್ಸು ನಿಂತಿತು. ಕಿಟಕಿಯಾಚೆ ಹೊಲದಲ್ಲೊಂದು ಜೆಸಿಬಿ ಕಲ್ಲೆತ್ತುತ್ತಿತ್ತು. ಕೆಲವನ್ನು ಬಿಟ್ಟು ಕೆಲವನ್ನಷ್ಟೇ. ಎತ್ತುತ್ತಿದ್ದ ಕಲ್ಲಿಗೆಲ್ಲ... ಸುಣ್ಣದ ಬೊಟ್ಟು!

ಶರ್ಮಿಳಾ ಪಕ್ಕದ ಸೀಟಿನತ್ತ ತಿರುಗಿದಳು.

"ಅಜ್ಜಿ... ಆ ಕಲ್ಲಿಗೆಲ್ಲ ಸುಣ್ಣ ಯಾಕೆ?"

"ತೆಗಿಯೋ ಕಲ್ಲಿಗೆ ಹಚ್ತಾರೆ ಕಣವ್ವ," ಎಂದಳು ಪಕ್ಕದಲ್ಲಿ ಕೂತ ಮುದುಕಿ. "ಇಲ್ದಿದ್ರೆ ಗಾಡಿಯೋನಿಗೆ ಹೆಂಗ್ ಗೊತ್ತಾಯ್ತದೆ?"

"ಇಳಿಸಿ! ಸ್ವಲ್ಪ ಇಳಿಸಿಬಿಡಿ!"

ಬಿಸಿಲು ಇಳಿಯುವ ಹೊತ್ತಿಗೆ ಅವಳು ದಿಣ್ಣೆ ಹತ್ತಿದಳು. ಮಹಾಂತೇಶ್ ಒಬ್ಬನೇ ಹಾರೆ ಹಾಕಿ ಕಲ್ಲಿನ ಬುಡದ ತುಂಡನ್ನು ಹಳೆಯ ಗುಂಡಿಯತ್ತ ಹೊರಳಿಸುತ್ತಿದ್ದ. ಅಂಗೈ ಒಡೆದು ರಕ್ತ ಬಂದಿತ್ತು. ಅವಳನ್ನು ಕಂಡು ಹಾರೆ ಕೆಳಗಿಟ್ಟ.

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೇಲಿನ ತುಂಡಿನ ಪಕ್ಕ ಕೂತು, ಅದರ ಅಡಿಗೆ ಕೈ ತೂರಿಸಿದಳು. ಹೊರಗೆ ತೆಗೆದಾಗ ಬೆರಳೆಲ್ಲ ಬೆಳ್ಳಗಾಗಿತ್ತು.

"ಸುಣ್ಣದ ಮುಖ ಕೆಳಗೆ ಮಾಡಿ ಮುಚ್ಚಿಟ್ಟಿದ್ದು ನೀವೇ ಅಲ್ವಾ?"

ಅವನು ಮತ್ತೆ ಹಾರೆಗೆ ಕೈ ಹಾಕಿದ.

"ಹೇಳಿ ಮಹಾಂತೇಶ್!"

"ಊರೋರು ನೋಡಿದ್ರೆ ನಿಮ್ಮನ್ನ ಇಲ್ಲಿಗೆ ಕಾಲಿಡೋಕೆ ಬಿಡ್ತಿರ್ಲಿಲ್ಲ."

"ನನಗಾದ್ರೂ ಹೇಳ್ಬೋದಿತ್ತಲ್ಲ..."

"ಹೆಂಗೆ ಹೇಳ್ಲಿ? ಈ ಕಲ್ಲು ಅಂದ್ರೆ ನಿಮಗೆ ಜೀವ. ನೀವು ನನ್ನ ಬೈದ್ರೆ ತಡ್ಕೋತೀನಿ. ನಿಮ್ಮನ್ನ ನೀವೇ ಬೈಕೊಂಡು ಕೊರಗೋದನ್ನ ನೋಡೋಕೆ ನನ್ನ ಕೈಲಾಗಲ್ಲ ಕಣ್ರೀ."

ಅವಳಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ಪ್ರೀತಿಯನ್ನು ಕಲ್ಲಿನಡಿ ಮುಚ್ಚಿಟ್ಟವನನ್ನು ತಾನು ಊರ ಮುಂದೆ ಅಪರಾಧಿ ಮಾಡಿದೆನಲ್ಲ!

ಕಣ್ಣೊರೆಸಿಕೊಂಡು ಫೋನ್ ತೆಗೆದಳು. ಅವನು ಬೇಡವೆಂದು ಕೈ ಅಡ್ಡ ಮಾಡಿದರೂ ಅಧಿಕಾರಿಗೆ ಎಲ್ಲವನ್ನೂ ಹೇಳಿದಳು. ಸುಣ್ಣ ಹಚ್ಚಿದ್ದು ನಾನು, ಸರ್. ಅವರದೇನೂ ತಪ್ಪಿಲ್ಲ.

"ನಾಳೆ ಊರೋರ ಮುಂದೆಯೂ ಹೇಳ್ತೀನಿ," ಎಂದಳು. "ಅವ್ರು ಇಲ್ಲಿಗೆ ಬಿಡದೇ ಇದ್ರೆ ಇಲ್ಲ. ಬಿಟ್ರೆ ಬರ್ತೀನಿ."

ಇಬ್ಬರೂ ಸೇರಿ ಬುಡದ ತುಂಡನ್ನು ಗುಂಡಿಗಿಳಿಸಿ ಮಣ್ಣು ತುಳಿದರು. ಮೊದಲು ಎದೆಮಟ್ಟ ನಿಂತಿದ್ದ ಕಲ್ಲು ಈಗ ಮೊಣಕಾಲಿಗೆ ಬರುತ್ತಿತ್ತು. ಅದು ಇನ್ನು ಮೊದಲಿನಂತಾಗುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಶರ್ಮಿಳಾ ಎದ್ದು ಪಕ್ಕದ ಕಲ್ಲನ್ನು ಮುಟ್ಟಿದಳು.

"ನಾನು ಶರ್ಮಿಳಾ."

ಮುಂದಿನ ಕಲ್ಲಿಗೆ ಹೋದಳು. "ನಾನು ಶರ್ಮಿಳಾ."

ಮಹಾಂತೇಶ್ ಅವಳ ಹಿಂದೆಯೇ ಎರಡು ಹೆಜ್ಜೆ ಬಂದ. "ಅದು... ಸೊಸೆ ಆದೋಳು ಹೇಳೋದು ಕಣ್ರೀ..."

"ಗೊತ್ತು."

ಒಂದೊಂದನ್ನೂ ಮುಟ್ಟುತ್ತಾ ಸುತ್ತು ಮುಗಿಸಿ, ಮುರಿದ ಕಲ್ಲಿನ ಮುಂದೆ ಮಂಡಿಯೂರಿದಳು. ಅದಕ್ಕೆ ಹಣೆ ಹಚ್ಚಿದಳು.

"ನಾನು ಶರ್ಮಿಳಾ. ನನ್ನಿಂದ ತಪ್ಪಾಯ್ತು..."

ಅವನು ಬಂದು ಅವಳ ಪಕ್ಕದಲ್ಲೇ ಕೂತ. ಕಣ್ಣು ತುಂಬಿತ್ತು.

"ಇನ್ನೊಂದ್ಸಲ ಹೇಳ್ರೀ."

"ಯಾಕೆ? ಅವ್ರಿಗೆ ಕೇಳಿಸ್ಲಿಲ್ವಾ?"

"ಅವ್ರಿಗೆ ಕೇಳಿಸ್ತು. ನಾನು ಇನ್ನೊಂದ್ಸಲ ಕೇಳ್ಬೇಕು."